ಅಚ್ಚಿನಲ್ಲಿಲ್ಲದ ದವಾಖಾನೆ

ಮೊನ್ನೆ ನನ್ನ ಸೊಸೆ ಒಂದು ಹೊಸ ಕಾದಂಬರಿ ತಂದುಕೊಟ್ಟಳು. ಬಹಳ ಜನ ಮೆಚ್ಚಿಕೊಂಡಿದ್ದಾರಂತೆ. ನಾನು ಒಂದಿಷ್ಟು ಪುಟ ಓದುವಷ್ಟರಲ್ಲಿ ಅದರ ನಾಯಕಿ ನಾಕಾರು ಸಲ ಕನ್ನಡಿಯ ಮುಂದೆ ನಿಂತಾಗಿತ್ತು. ಅವಳ ಕತ್ತು, ಅವಳ ಸೊಂಟ, ಒದ್ದೆ ಕೂದಲಿಂದ ಬೆನ್ನಿಗೆ ಇಳಿಯುವ ನೀರು, ಯಾವುದನ್ನೂ ಬರೆದವರು ಬಿಟ್ಟಿರಲಿಲ್ಲ. ಕನ್ನಡಕ ತೆಗೆದಿಟ್ಟು, "ಆಕೀಗೆ ನಡಾ ಐತಿ, ನಡಾ ನೋವಿಲ್ಲ" ಎಂದೆ. ಸೊಸೆ ನಕ್ಕು ಅಡುಗೆಮನೆಗೆ ಹೋದಳು. ಆ ಮಾತು ನನ್ನದಲ್ಲ. ಬಸವನ ಬಾಗೇವಾಡಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ನನಗಿಂತ ಹಿರಿಯರಾಗಿದ್ದ ಒಬ್ಬ ಶಿಕ್ಷಕಿಯದು. ನಮ್ಮ ಕಡೆ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ಅವರು ಇರುವಾಗಲೂ ಅವರನ್ನು ಹೆಸರು ಹಿಡಿದು ಕರೆದವರಿಲ್ಲ, ಆದ್ದರಿಂದ ಇಲ್ಲಿಯೂ ಅಕ್ಕೋರು ಎಂದೇ ಬರೆಯುತ್ತೇನೆ.

ಎಪ್ಪತ್ತರ ದಶಕದ ಮೊದಲ ವರ್ಷಗಳವು. ನಾನು ಆಗಷ್ಟೇ ನೌಕರಿಗೆ ಸೇರಿದ್ದೆ. ಅಕ್ಕೋರಿಗೆ ನಲವತ್ತು ದಾಟಿರಬೇಕು. ಎತ್ತರದ ಆಳು, ಅಗಲ ಹೆಗಲು, ಮಾತು ಮಾತ್ರ ಸಣ್ಣ ದನಿಯಲ್ಲಿ. ಇಳಕಲ್ ಸೀರೆಯ ಸೆರಗು ತಲೆಯಿಂದ ಜಾರಿದರೆ ಜಾರಲಿ ಎಂದು ಬಿಟ್ಟುಬಿಡುವವರು. ಸುಟ್ಟ ತಂಬಾಕಿನ ಪುಡಿಯನ್ನು ಹಲ್ಲಿಗೆ ತಿಕ್ಕುವ ಮಶೇರಿ ಚಟವಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಶಾಲೆಯ ಹಿತ್ತಲ ಗೋಡೆಗೆ ಮುಖ ಮಾಡಿ ನಿಂತು ತಿಕ್ಕುತ್ತಿದ್ದರು. ನಾನು ಒಮ್ಮೆ ನೋಡಿಬಿಟ್ಟೆ. "ನೋಡಬ್ಯಾಡ ತಂಗಿ. ನೋಡಿದ್ರ ಹೇಳಬ್ಯಾಡ. ಹೇಳೂದಾದ್ರ ಹೆಡ್ ಮಾಸ್ತರಗ ಹೇಳು, ಅವರಿಗೂ ಒಂದು ಚೂರು ಬೇಕಿರತೈತಿ" ಎಂದರು. ಹೆಡ್ ಮಾಸ್ತರರಿಗೆ ನಿಜವಾಗಿಯೂ ಬೇಕಿರುತ್ತಿತ್ತು.

ಗಂಡ ಇಂಡಿ ಊರಲ್ಲಿದ್ದ. ಮಕ್ಕಳಾಗಲಿಲ್ಲ ಎಂದು ಇವರನ್ನು ತವರಿಗೆ ಕಳಿಸಿ ಇನ್ನೊಂದು ಮದುವೆ ಮಾಡಿಕೊಂಡಿದ್ದ. ಇಷ್ಟು ಊರಿಗೆಲ್ಲ ಗೊತ್ತಿತ್ತು. ಅವರ ಬಾಯಿಂದ ಇದನ್ನು ಕೇಳಿದವರು ಯಾರೂ ಇರಲಿಲ್ಲ. ಕೇಳುವ ಧೈರ್ಯವೂ ಯಾರಿಗೂ ಇರಲಿಲ್ಲ, ಏಕೆಂದರೆ ಅವರ ಬಾಯಿ ಅಂಥದ್ದು.

ಮೂರನೆಯ ಇಯತ್ತೆಯ ಪಾಠವೊಂದರಲ್ಲಿ ತಾಯಿಯ ಚಿತ್ರವಿತ್ತು. ಹೂ ಮುಡಿದು, ಒಲೆಯ ಮುಂದೆ ಕೂತು, ನಗುತ್ತ ರೊಟ್ಟಿ ಬಡಿಯುವ ತಾಯಿ. ಅಕ್ಕೋರು ಪುಸ್ತಕ ಮುಚ್ಚಿಸಿ, "ನಿಮ್ಮ ನಿಮ್ಮ ಅವ್ವ ಒಲಿ ಮುಂದ ಹ್ಯಾಂಗ ಕುಂಡ್ರತಾಳ, ಬರೀರಿ" ಎಂದರು. ಒಬ್ಬಳು ತನ್ನವ್ವ ಹೊಗೆಗೆ ಕಣ್ಣು ಒರೆಸುತ್ತ ಬೈಯುತ್ತಾಳೆ ಎಂದು ಬರೆದಳು. ಇನ್ನೊಬ್ಬಳು, ನಮ್ಮವ್ವ ಹೊಟ್ಟೆಯಲ್ಲಿ ಕೂಸು ಇರುವುದರಿಂದ ಕೂರುವುದಿಲ್ಲ, ನಿಂತೇ ಬಡಿಯುತ್ತಾಳೆ ಎಂದಳು. ತಪಾಸಣೆಗೆ ಬಂದ ಸಾಹೇಬರು ಪಾಟಿಗಳನ್ನು ನೋಡಿ ಹೌಹಾರಿದರು. "ಇದೇನ್ರಿ ಇದು, ಪಾಠದಾಗ ಇಲ್ಲದ್ದು?" ಎಂದರು. "ಪಾಠದಾಗ ಇಲ್ರಿ, ಮನ್ಯಾಗ ಐತ್ರಿ" ಎಂದರು ಅಕ್ಕೋರು. ಆ ವರ್ಷ ಅವರ ಬಡ್ತಿ ನಿಂತಿತು.

ಆದರೆ ನಾನು ಹೇಳಹೊರಟದ್ದು ಅವರ ಓದಿನ ಬಗ್ಗೆ.

ಶಾಲೆಯ ಹಿಂದಿನ ಓಣಿಯಲ್ಲಿ ಒಂದು ಒಕ್ಕಲುತನದ ಮನೆ. ದೊಡ್ಡ ಪಡಸಾಲೆ. ರವಿವಾರ ಮಧ್ಯಾಹ್ನ ಓಣಿಯ ಹೆಂಗಸರು ಅಲ್ಲಿ ಕೌದಿ ಹೊಲಿಯಲು ಕೂಡುತ್ತಿದ್ದರು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಸುತ್ತ ಕೂತು, ಅಂಚಿನಿಂದ ನಡುವಿಗೆ ಹೊಲಿಗೆ ಹಾಕುತ್ತ ಬರುವ ಕೆಲಸ ಅದು. ಕೈಗೆ ಕೆಲಸ, ಕಿವಿ ಖಾಲಿ. ಆ ಕಿವಿಗಳಿಗಾಗಿ ಅಕ್ಕೋರು ವಾರಪತ್ರಿಕೆಯ ಧಾರಾವಾಹಿಯನ್ನು ಓದಿ ಹೇಳುತ್ತಿದ್ದರು. ಪತ್ರಿಕೆ ತರುವವನು ಆ ಮನೆಯ ಮಗ. ಸಂತೆಗೆ ಹೋದವನು ಬಸ್ ನಿಲ್ದಾಣದ ಅಂಗಡಿಯಿಂದ ಕೊಂಡು, ಸುರುಳಿ ಸುತ್ತಿ, ಎಳೆಗೂಸನ್ನು ಹಿಡಿದಂತೆ ಹಿಡಿದು ತರುತ್ತಿದ್ದ. ಅವನಿಗೆ ಅಕ್ಷರ ಬರುತ್ತಿರಲಿಲ್ಲ. ಅಚ್ಚಿನ ಹಾಳೆ ಕಾಲಿಗೆ ತಾಗಿದರೆ ಕಣ್ಣಿಗೆ ಒತ್ತಿಕೊಳ್ಳುವ ಮನುಷ್ಯ.

ಅವನ ಹೆಂಡತಿ ನೀಲವ್ವ. ಚಿಕ್ಕ ವಯಸ್ಸಿಗೆ ಮದುವೆಯಾಗಿ ಬಂದವಳು. ವರ್ಷಗಳೇ ಕಳೆದಿದ್ದರೂ ಮಡಿಲು ತುಂಬಿರಲಿಲ್ಲ. ಅತ್ತೆ ಕೆಟ್ಟವಳಲ್ಲ, ಸೊಸೆಗೆ ಹೊಟ್ಟೆ ತುಂಬ ಉಣ್ಣಲು ಕೊಡುವವಳು. ಆದರೆ ಹೊಲಕ್ಕೆ ವಾರಸುದಾರ ಬೇಕಲ್ಲ. ನೀಲವ್ವನ ತಂಗಿಯನ್ನೇ ಮಗನಿಗೆ ತಂದುಕೊಂಡರೆ ಜಗಳ ಇರುವುದಿಲ್ಲ ಎಂದು ಅವಳ ಲೆಕ್ಕ. ಎರಡನೆಯ ಹೆಂಡತಿ ಕೂಡದು ಎಂಬ ಕಾಯ್ದೆ ಆಗಲೇ ಇತ್ತು. ಅದು ನಮ್ಮ ಓಣಿಯ ತನಕ ಬಂದಿರಲಿಲ್ಲ.

ವಿಚಿತ್ರವೆಂದರೆ ಆ ಧಾರಾವಾಹಿಯ ನಾಯಕಿಯದೂ ಅದೇ ಕಷ್ಟ. ದೊಡ್ಡ ಮನೆತನ, ಒಳ್ಳೆಯ ಗಂಡ, ಮಕ್ಕಳಿಲ್ಲ. ಹೆಂಗಸರು ಅವಳ ಹೆಸರು ಹಿಡಿಯದೆ 'ಕತ್ಯಾಗಿನಾಕಿ' ಎನ್ನುತ್ತಿದ್ದರು. ಬರೆದವರು ಅವಳಿಗೆ ಏನು ಕಡಿಮೆ ಮಾಡಿದ್ದರೂ ರೂಪಕ್ಕೆ ಕಡಿಮೆ ಮಾಡಿರಲಿಲ್ಲ. ವರ್ಣನೆ ಶುರುವಾದ ಕೂಡಲೇ ಅಕ್ಕೋರು ಕೆಮ್ಮಿ, "ಇಲ್ಲೊಂದು ಪ್ಯಾರಾ ಬರೇ ಮೈ ಐತಿ. ಮುಂದ ಹೋಗೂಣು" ಎನ್ನುತ್ತಿದ್ದರು.

"ಓದ್ರಿ ಅಕ್ಕೋರ, ನಾವೂ ಕೇಳೂಣು" ಎಂದು ಒಬ್ಬಳು ಕೆಣಕುತ್ತಿದ್ದಳು.

"'ಬಳ್ಳಿಯಂತೆ ಬಳುಕುವ ನಡು' ಅಂತ ಬರದಾರವಾ."

"ಬಳ್ಳಿಯಂಥಾ ನಡಾ ಇದ್ರ ನೀರಿನ ಕೊಡಾ ಯಾರು ಹೊರತಾರ್ರಿ?" ಎಂದು ಮೂಲೆಯ ಮುದುಕಿ ಕೇಳಿದರೆ ಇಡೀ ಪಡಸಾಲೆ ನಗುತ್ತಿತ್ತು. ಅಕ್ಕೋರು ಮಾತ್ರ ನಗುತ್ತಿರಲಿಲ್ಲ. "ಆಕೀಗೆ ನಡಾ ಐತಿ, ನಡಾ ನೋವಿಲ್ಲ. ಅದಕ ಆಕಿ ಹೊರಂಗಿಲ್ಲ" ಎಂದು ಹಾಳೆ ತಿರುಗಿಸುತ್ತಿದ್ದರು.

ಅವರು ಬಿಟ್ಟು ಓದುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು. ಸೇರಿಸಿ ಓದುತ್ತಿದ್ದುದು ಗೊತ್ತಿದ್ದದ್ದು ನನಗೊಬ್ಬಳಿಗೆ. ಪತ್ರಿಕೆಯನ್ನು ನಾನೂ ಇಸಿದುಕೊಂಡು ಓದುತ್ತಿದ್ದೆನಲ್ಲ. ಒಂದು ರವಿವಾರ ಕತ್ಯಾಗಿನಾಕಿ ಮುಟ್ಟಾಗಿ ಹಿತ್ತಲಲ್ಲಿ ಕೂತಳು. ಇನ್ನೊಂದು ರವಿವಾರ ಅವಳ ಹಿಮ್ಮಡಿ ಒಡೆದು, ಬೇವಿನೆಣ್ಣೆ ಸವರಿಕೊಂಡಳು. ಮುದ್ರಿತ ಕತೆಯಲ್ಲಿ ಅವಳು ಆ ಎರಡೂ ವಾರ ಕಿಟಕಿಯ ಬಳಿ ನಿಂತು ಮೋಡ ನೋಡಿದ್ದಳು. ಮನೆಗೆ ಹೋಗುವ ದಾರಿಯಲ್ಲಿ ಕೇಳಿದೆ.

"ಅಕ್ಕೋರ, ಅದು ಅದರಾಗ ಇಲ್ಲಲ್ರಿ."

"ಬರದಾಕಿ ಮರತಿರಬೇಕು. ನಾ ನೆನಪು ಮಾಡಿ ಕೊಟ್ಟೆ."

"ಬರದಾಕಿನೂ ಹೆಣ್ಮಗಳ ಅಲ್ರಿ, ಹ್ಯಾಂಗ ಮರೀತಾಳ?"

"ಹೆಸರು ಹೆಂಗಸಿಂದು ಐತಿ. ಕಣ್ಣು ಯಾರದ್ದೋ ಏನೋ."

'ಬಂಜೆ' ಎಂಬ ಮಾತು ಆ ಕತೆಯಲ್ಲಿ ಸಾಕಷ್ಟು ಸಲ ಬರುತ್ತಿತ್ತು. ಬರಡು ಭೂಮಿ, ಒಣಗಿದ ಕೆರೆ ಎಂದೆಲ್ಲ ಹೋಲಿಕೆಗಳು. ಅಕ್ಕೋರ ಬಾಯಿಂದ ಆ ಪದ ಒಮ್ಮೆಯೂ ಹೊರಬೀಳಲಿಲ್ಲ. ಅದು ಬಂದಲ್ಲೆಲ್ಲ 'ಆಕೆ' ಎಂದು ಓದಿ ಮುಂದೆ ಹೋಗುತ್ತಿದ್ದರು.

ಇಷ್ಟೇ ಆಗಿದ್ದರೆ ಈ ಲೇಖನವನ್ನು ನಗುನಗುತ್ತ ಬರೆಯುತ್ತಿದ್ದೆ.

ಬೇಸಿಗೆ ಕಳೆದು ಒಂದು ರವಿವಾರ, ನೀಲವ್ವ ಕೌದಿಯ ನಡುವಿನ ಹೊಲಿಗೆಗೆ ಬಾಗಿದಾಗ ಸೆರಗು ಸರಿಯಿತು. ಹೊಟ್ಟೆಯ ಮೇಲೆ ಹಸಿ ಬರೆ. ಕಾದ ಕಬ್ಬಿಣದ ಸಳಿಯಲ್ಲಿ ಎಳೆದ ಗೆರೆಗಳು. ಸಿಂದಗಿ ಕಡೆಯ ಯಾವನೋ ಒಬ್ಬ ನಾಟಿ ಔಷಧದವನು ಗರ್ಭ ನಿಲ್ಲಲೆಂದು ಹಾಕಿದ್ದು. ನೀಲವ್ವ ಸೆರಗು ಎಳೆದುಕೊಂಡು, "ಸಣ್ಣ ಸುಟ್ಟದ್ದರಿ" ಎಂದಳು. ಕೇಳಬೇಕಾದ ಅಗತ್ಯ ಆ ಪಡಸಾಲೆಯಲ್ಲಿ ಯಾರಿಗೂ ಇರಲಿಲ್ಲ.

ಅಕ್ಕೋರು ಓದು ನಿಲ್ಲಿಸಿ ಹಾಳೆ ತಿರುಗಿಸಿದರು. ಆಮೇಲೆ ಮತ್ತೆ ಓದಿದರು. ಓದಿದರು ಎನ್ನುವುದು ರೂಢಿಯ ಮಾತು. ಅವತ್ತಿನಿಂದ ಅಚ್ಚಿನ ಒಂದು ಸಾಲನ್ನೂ ಅವರು ಓದಲಿಲ್ಲ. ಕಣ್ಣು ಹಾಳೆಯ ಮೇಲಿತ್ತು, ಬೆರಳು ಸಾಲಿನ ಗುಂಟ ಸರಿಯುತ್ತಿತ್ತು, ಕತೆ ಮಾತ್ರ ಅವರದು. ಅದರಲ್ಲಿ ಕತ್ಯಾಗಿನಾಕಿಗೆ ಒಬ್ಬ ಡಾಕ್ಟರಬಾಯಿ ಸಿಕ್ಕಳು. ಮಕ್ಕಳಾಗದಿದ್ದರೆ ಕೊರತೆ ಹೆಣ್ಣಿನಲ್ಲೇ ಇರಬೇಕೆಂದಿಲ್ಲ, ಗಂಡಿನಲ್ಲೂ ಇರಬಹುದು, ಇಬ್ಬರೂ ಒಟ್ಟಿಗೆ ಬಂದು ತೋರಿಸಿಕೊಳ್ಳಿ ಎಂದು ಅವಳು ಹೇಳಿದಳು. ಸೂಜಿಗಳು ನಿಂತುಬಿಟ್ಟವು. ಮೂಲೆಯ ಮುದುಕಿ, "ಹಾಂಗೂ ಇರತೈತೇನ್ರಿ?" ಎಂದಳು. "ಬರದಾರಲ್ಲವಾ" ಎಂದರು ಅಕ್ಕೋರು.

ನೀಲವ್ವನ ಗಂಡನಿಗೆ ಒಂದು ಅಭ್ಯಾಸವಿತ್ತು. ತಾನು ತಂದ ಪತ್ರಿಕೆಯಲ್ಲಿ ಏನಿತ್ತು ಎಂದು ಹೆಂಡತಿಯನ್ನು ಕೇಳುತ್ತಿದ್ದ. ಅವಳು ಹೇಳಿದಳು. ಮರುದಿನ ಬಿಡುವಿನ ವೇಳೆಗೆ ಶಾಲೆಯ ಹಿತ್ತಲಿಗೆ ಬಂದು ನಿಂತಳು. ಕೈಯಲ್ಲಿ ಬೆಣ್ಣೆಯ ಬಟ್ಟಲು.

"ಅಕ್ಕೋರ, ಅವರು ಬರ್ತೇನಿ ಅಂದ್ರು."

"ಎಲ್ಲಿಗೆ?"

"ಬಿಜಾಪುರದ ದೊಡ್ಡ ದವಾಖಾನಿಗಿ. ಇಬ್ಬರೂ ತೋರಿಸ್ಕೊಳ್ಳಾಕ. ಮದಲು ಸುಮ್ಮಕ ಕುಂತಿದ್ರು. ಆಮ್ಯಾಲ, ಅಚ್ಚಿನಾಗ ಬಂದೈತಂದ್ರ ತಿಳಿದವರು ವಿಚಾರ ಮಾಡೇ ಬರದಿರತಾರ, ಪಂಚಮಿ ಮುಗೀಲಿ, ಹೋಗೂಣು ಅಂದ್ರು. ಅತ್ತೀಗೆ ಇನ್ನೂ ಹೇಳಿಲ್ರಿ."

ಅಷ್ಟು ಹೇಳಿ ಸೆರಗಿನ ತುದಿಯಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಗೊತ್ತಾಗಲಿಲ್ಲ. ಅವಳು ಹೋದ ಮೇಲೆ ಅಕ್ಕೋರು ಬೆಣ್ಣೆಯ ಬಟ್ಟಲನ್ನು ಕೆಳಗಿಟ್ಟರು. "ತಂಗಿ, ನಾ ಏನು ಮಾಡಿದೆ?" ಎಂದರು. "ಒಳ್ಳೇದ ಮಾಡೀರಿ, ಸುಮ್ಮನಿರ್ರಿ. ಹೋಗಿ ಬರಲಿ" ಎಂದೆ. ಪಂಚಮಿ ಇನ್ನೇನು ಬಂದೇಬಿಟ್ಟಿತ್ತು.

ನಾಗರ ಪಂಚಮಿಗೆ ಮದುವೆಯಾದ ಹೆಣ್ಣುಮಕ್ಕಳೆಲ್ಲ ತವರಿಗೆ ಬರುತ್ತಾರೆ. ಆ ಮನೆಯ ಮಗಳು, ನೀಲವ್ವನ ನಾದಿನಿ, ಇಂಡಿಯಿಂದ ಬಂದಳು. ನಾಲ್ಕು ಇಯತ್ತೆ ಓದಿದವಳು, ಓದಲು ಬರುತ್ತದೆಂಬ ಹೆಮ್ಮೆ ಇದ್ದವಳು. ಅವಳ ಗಂಡನ ಮನೆಗೂ ಅದೇ ಪತ್ರಿಕೆ ಬರುತ್ತಿತ್ತು. ಇದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ನಮ್ಮ ಓಣಿಯ ಪಾಲಿಗೆ ಆ ಪತ್ರಿಕೆ ಎಂದರೆ ಆ ಪಡಸಾಲೆಗೆ ಬರುವ ಒಂದು ಪ್ರತಿ, ಅಷ್ಟೆ.

ಹಬ್ಬದ ಎದುರಿನ ರವಿವಾರ. ಪಡಸಾಲೆಯ ಜಂತಿಗೆ ಜೋಕಾಲಿ ಕಟ್ಟಿದ್ದರು. ಅರಳು, ಉಂಡಿ ತಟ್ಟೆಯಲ್ಲಿದ್ದವು. ಅಕ್ಕೋರು ಓದುತ್ತಿದ್ದರು. ಕತ್ಯಾಗಿನಾಕಿ ಗಂಡನ ಜೊತೆ ಬಸ್ಸಿಳಿದಳು. ದವಾಖಾನೆಯ ಬಾಕಿನ ಮೇಲೆ ಇಬ್ಬರೂ ಕೂತರು. ಒಳಗಿಂದ ಅವರ ಹೆಸರು ಕರೆದರು.

"ಅಲ್ರಿ ಅಕ್ಕೋರ, ಹಾಂಗಿಲ್ಲಲ್ರಿ" ಎಂದಳು ನಾದಿನಿ, ಜೋಕಾಲಿಯ ಮೇಲಿಂದಲೇ. ಅವಳ ಮನಸ್ಸಿನಲ್ಲಿ ಕೆಡುಕು ಇರಲಿಲ್ಲ. "ಈ ವಾರ ಆಕಿ ತನ್ನ ತಂಗೀನ್ನ ತಾನ ಗಂಡಗ ಗಂಟು ಹಾಕತಾಳಲ್ರಿ. ಆರತಿ ಹಿಡದು ಬಾಗಲಾಗ ನಿಂದರತಾಳ. ಓದಿ ನಾ ಭಾಳ ಅತ್ತೇನಿ." ಇಳಿದು ಬಂದು ಪತ್ರಿಕೆ ಇಸಿದುಕೊಂಡು, ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ತ್ಯಾಗಮಯಿ ಎಂದಿತ್ತು. ಬಂಜೆ ಎಂದಿತ್ತು. ಆರತಿಯ ಬೆಳಕಿನಲ್ಲಿ ಅವಳ ಕೆನ್ನೆ ಹೇಗೆ ಹೊಳೆಯಿತು ಎಂದಿತ್ತು.

ನೀಲವ್ವನ ಗಂಡ ಅಂಗಳದಲ್ಲಿ ಎತ್ತಿನ ಮೈ ತೊಳೆಯುತ್ತಿದ್ದವನು ಬಂದು ಬಾಗಿಲಲ್ಲಿ ನಿಂತಿದ್ದ. "ದವಾಖಾನಿ ಎಲ್ಲೈತಿ, ಓದು" ಎಂದ ತಂಗಿಗೆ. "ಯಾವ ದವಾಖಾನಿ ಅಣ್ಣಾ? ಇದರಾಗ ದವಾಖಾನೀನ ಇಲ್ಲ." ಆಗ ಅತ್ತೆಗೆ ಎಲ್ಲವೂ ಗೊತ್ತಾಯಿತು. ಮಗ ಬಿಜಾಪುರಕ್ಕೆ ಹೊರಟಿದ್ದು, ಯಾವ ಮಾತಿಗೆ ಹೊರಟಿದ್ದು, ಆ ಮಾತು ಎಲ್ಲಿಂದ ಬಂದಿದ್ದು.

"ಅಕ್ಕೋರ, ಕೈ ಮುಗಿದು ಕೇಳ್ತೇನಿ. ಅದು ಪುಸ್ತಕದಾಗ ಐತೋ ಇಲ್ಲೋ?" ಎಂದಳು ಅತ್ತೆ.

ಅಲ್ಲಿ ಓದು ಬಲ್ಲವರು ಮೂವರೇ. ನಾದಿನಿ ಓದಿದ್ದು ಆ ವಾರದ್ದನ್ನು. ಇನ್ನೊಂದು ಪತ್ರಿಕೆಯಲ್ಲಿತ್ತು, ಹಳೆಯದರಲ್ಲಿತ್ತು, ಬೇರೆ ಕತೆಯಲ್ಲಿತ್ತು, ಹೀಗೆ ಹೇಳಲು ಏನು ಬೇಕಾದರೂ ಇತ್ತು. ನಾನಾಗಿದ್ದರೆ ಕಣ್ಣು ಮಿಟುಕಿಸದೆ ಸುಳ್ಳು ಹೇಳುತ್ತಿದ್ದೆ. ಅಕ್ಕೋರು ನೀಲವ್ವನ ಕಡೆ ನೋಡಿದರು. ನೀಲವ್ವ ಅವರ ಬಾಯಿಯನ್ನೇ ನೋಡುತ್ತಿದ್ದಳು.

"ಪುಸ್ತಕದಾಗ ಇಲ್ಲ" ಎಂದರು ಅಕ್ಕೋರು. "ಅದು ನಂದು. ಮಕ್ಕಳಾಗಲಿಲ್ಲ ಅಂತ ನನ್ನ ಬಿಟ್ರು. ನನಗೂ ಬೇರು ಕುಡಿಸಿದ್ರು, ನನಗೂ ಬರಿ ಹಾಕಿದ್ರು. ಮತ್ತೊಬ್ಬಾಕೀನ್ನ ತಂದ್ರು. ಆಕೀಗೂ ಇವತ್ತಿನ ತನಕ ಆಗಿಲ್ಲ. ನಿಮ್ಮ ಮಗಳನ್ನ ಕೇಳ್ರಿ, ಆಕಿ ಅದ ಊರಾಗ ಅದಾಳ. ಇಬ್ಬರ ಹೊಟ್ಟೀನೂ ಕೆಟ್ಟಿತ್ತೇನ್ರಿ? ನಮ್ಮನಿಯವರನ್ನ ಯಾರೂ ಒಮ್ಮಿನೂ ದವಾಖಾನಿಗಿ ಕರಕೊಂಡು ಹೋಗಲಿಲ್ಲ. ನೀಲವ್ವಗ ಹಾಂಗ ಆಗಬಾರದು ಅಂತ ಹೇಳಿದೆ."

ಅವರ ಬಾಯಿಂದ ನಾವು ಮೊದಲ ಸಲ ಕೇಳಿದ್ದು ಅದು. ನಾದಿನಿ ತಲೆ ತಗ್ಗಿಸಿದಳು. ಅದು ಖರೆ ಎಂದು ಅವಳಿಗೆ ಗೊತ್ತಿತ್ತು, ಆದರೆ ಬಾಯಿ ಬಿಡಲಿಲ್ಲ. ಅತ್ತೆ ಮಾತ್ರ ನಿಧಾನಕ್ಕೆ ಎದ್ದು ನಿಂತಳು.

"ಪುಸ್ತಕದಾಗಿಂದು ಅಂತ ಕೇಳಿದ್ವಿ. ನಿಂದ್ಯಾರು ಬರದಾರ?"

ಎಷ್ಟೋ ವರ್ಷ 'ರಿ' ಹಚ್ಚಿ ಮಾತಾಡಿದವಳು ಅವಳು. ಅವಳ ಮಗ ಪತ್ರಿಕೆಯನ್ನು ಎತ್ತಿಕೊಂಡು, ಸುರುಳಿ ಸುತ್ತಿ, ಗೂಟಕ್ಕೆ ಸಿಕ್ಕಿಸಿ ಮತ್ತೆ ಅಂಗಳಕ್ಕೆ ಹೋದ. ಮೋಸ ಹೋದವನ ಮುಖವಾಗಿತ್ತು ಅದು. ಒಳ್ಳೆಯ ಮನುಷ್ಯನೇ, ಹೆಂಡತಿಯ ಮೇಲೆ ಕೈ ಮಾಡಿದವನಲ್ಲ. ಆದರೆ ಗಂಡ ಬಿಟ್ಟವಳೊಬ್ಬಳ ಮಾತು ಕೇಳಿ ನನ್ನ ಗಂಡಸುತನವನ್ನು ಡಾಕ್ಟರಿಗೆ ತೋರಿಸಲು ಹೊರಟಿದ್ದೆನಲ್ಲ ಎಂಬ ನಾಚಿಕೆ ಅವನನ್ನು ಬಿಡಲಿಲ್ಲ. ಬಿಜಾಪುರದ ಮಾತು ಆ ಮನೆಯಲ್ಲಿ ಮತ್ತೆ ಏಳಲಿಲ್ಲ. ದೀಪಾವಳಿ ಕಳೆದ ಮೇಲೆ ನೀಲವ್ವನ ತಂಗಿಯನ್ನು ತಂದುಕೊಂಡರು. ಬಾಗಿಲಲ್ಲಿ ಆರತಿ ಹಿಡಿದು ನಿಂತವಳು ನೀಲವ್ವನೇ. ಅಚ್ಚಿನಲ್ಲಿ ಬಂದ ಹಾಗೆಯೇ ಆಯಿತು.

ಅಕ್ಕೋರು ಬದಲಿ ಕೇಳಿಕೊಂಡು ಮುದ್ದೇಬಿಹಾಳಕ್ಕೆ ಹೋದರು. ಒಮ್ಮೆ ನೋಡಲು ಹೋಗಿದ್ದೆ. ಬಾಡಿಗೆಯ ಒಂದು ಖೋಲಿ, ಸ್ಟೋವಿನ ಮೇಲೆ ಚಹಾ. ಒಂದು ಪತ್ರಿಕೆಯಾಗಲಿ, ಒಂದು ಪುಸ್ತಕವಾಗಲಿ ಕಣ್ಣಿಗೆ ಬೀಳಲಿಲ್ಲ. ಸಿಟ್ಟು ತಡೆಯಲಾಗದೆ ಕೇಳಿಯೇಬಿಟ್ಟೆ.

"ಒಂದು ಸುಳ್ಳು ಹೇಳಿದ್ರ ಏನ ಹೋಗತಿತ್ರಿ ನಿಮ್ಮದು? ಅಷ್ಟು ದಿನ ಹೇಳಿದವರು."

ಚಹಾ ಸೋಸಿ ನನ್ನ ಮುಂದಿಟ್ಟರು.

"ಕತ್ಯಾಗಿನಾಕಿ ಬಾಯಾಗ ನನ್ನ ಮಾತು ತುರುಕಿದ್ದೆ ತಂಗಿ. ಆ ಬರದಾಕೀಗೂ ನನಗೂ ಏನು ಫರಕು? ಆಕಿ ತನಗ ಬೇಕಾದಂಗ ಆರತಿ ಹಿಡಿಸಿದಳು, ನಾ ನನಗ ಬೇಕಾದಂಗ ಬಸ್ ಹತ್ತಿಸಿದೆ. ನೀಲವ್ವನ್ನ ಯಾರು ಕೇಳಿದ್ರು? ಅವತ್ತು ಖರೇ ಹೇಳಿದ್ರ ನಂಬತಾರ ಅಂತ ತಿಳಕೊಂಡೆ. ಕತಿ ನಂಬಿದವರು, ಎದುರಿಗೆ ಕುಂತಾಕೀನ್ನ ನಂಬೂದಿಲ್ಲೇನು, ಅಂತ."

"ಅದನ್ನ ಬರೀರಿ ಹಂಗಾದ್ರ. ಅಚ್ಚು ಹಾಕಸ್ರಿ."

"ಬರದ್ರ ಮದಲ ನನ್ನ ಚಂದ ಮಾಡಬೇಕಾಕೈತಿ. ಇಲ್ಲಂದ್ರ ಯಾರು ಹಾಕ್ತಾರ?" ಎಂದು ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಕೊನೆ. ಅವರ ಮಾತು ನನಗೆ ಇಂದಿಗೂ ಪೂರ್ತಿ ಒಪ್ಪಿಗೆಯಿಲ್ಲ. ಆರತಿ ಹಿಡಿಸುವುದಕ್ಕೂ ಬಸ್ ಹತ್ತಿಸುವುದಕ್ಕೂ ಫರಕು ಇದೆ ಎಂದೇ ನನ್ನ ವಾದ. ವಾದ ಮಾಡಲು ಅವರು ಉಳಿಯಲಿಲ್ಲ. ಆ ದಶಕ ಮುಗಿಯುವ ಮೊದಲೇ ಕಾಮಾಲೆಯಾಗಿ ತೀರಿಕೊಂಡರು. ಸುದ್ದಿ ನನಗೆ ಮುಟ್ಟಿದ್ದು ಮಣ್ಣಾದ ಮೇಲೆ.

ನಾನಾಗ ಸಿಂದಗಿಯಲ್ಲಿದ್ದೆ. ಸ್ವಲ್ಪ ದಿನಕ್ಕೆ, ಅಲ್ಲಿಯ ಬಸ್ ನಿಲ್ದಾಣದಲ್ಲಿ ಯಾರೋ ಸೆರಗು ಹಿಡಿದು ಜಗ್ಗಿದರು. ನೀಲವ್ವ. ಮೈ ಇಳಿದುಹೋಗಿತ್ತು. ಜೊತೆಗೆ ಅವಳಂಥದೇ ಮುಖದ ಒಬ್ಬ ಹುಡುಗಿ, ಅವಳ ತಂಗಿ.

"ಎಲ್ಲಿಗೆ ಹೊಂಟೀರಿ?"

"ಈಕೀಗೆ ತೋರಸಾಕ್ರಿ. ಈಕೀಗೂ ನಿಂತಿಲ್ಲ. ಇಲ್ಲೇ ಹಳ್ಳ್ಯಾಗ ಔಷಧ ಕೊಡವ ಇದ್ದಾನಲ್ರಿ, ಅತ್ತಿ ಕಳಿಸ್ಯಾಳ."

ಯಾವ ಔಷಧದವನು ಎಂದು ಕೇಳುವ ಅಗತ್ಯವಿರಲಿಲ್ಲ. ಅಕ್ಕೋರು ತೀರಿಕೊಂಡ ಸುದ್ದಿ ಹೇಳಿದೆ. ಅವಳು ಕಟ್ಟೆಯ ಮೇಲೆ ಕೂತುಬಿಟ್ಟಳು. ಅಳಲಿಲ್ಲ. ಆಮೇಲೆ ಕೇಳಿದಳು.

"ಕತ್ಯಾಗಿನಾಕೀನ ಒಳಗ ಕರದ್ರಲ್ರಿ, ಮುಂದೇನಾತು? ಅಕ್ಕೋರು ನಿಮಗರ ಹೇಳಿದ್ರೇನು?"

"ನನಗೂ ಹೇಳಲಿಲ್ಲವಾ."

"ಹೋಗ್ಲಿ ಬಿಡ್ರಿ. ಕೌದಿ ಹೊಲಿಯೂವಾಗ ಮುಂದಿಂದು ನಾನ ಹೊಂದಿಸಿಕೊಂಡೇನಿ. ಇಬ್ಬರನ್ನೂ ನೋಡ್ತಾರ. ಆಮ್ಯಾಲ ಡಾಕ್ಟರಬಾಯಿ ಆಕೀಗೆ, ನಿಂದೇನೂ ತಪ್ಪಿಲ್ಲವಾ, ಅಂತಾಳ."

"ಆಮೇಲೆ?"

"ಆಮ್ಯಾಲೇನಿಲ್ರಿ. ಅಲ್ಲಿಗೇ ಮುಗೀತೈತಿ. ಮಕ್ಕಳು ಆಗಲಿ, ಬಿಡಲಿ. ಆ ಮಾತು ಒಬ್ಬರರ ಅಂದಿದ್ರ ಸಾಕಿತ್ರಿ."

ತಂಗಿ ಅಲ್ಲಿಯ ತನಕ ತುಟಿ ಬಿಚ್ಚಿರಲಿಲ್ಲ. "ಎಕ್ಕಾ, ಆ ದವಾಖಾನಿ ಖರೇನ ಐತೇನು?" ಎಂದಳು.

ನೀಲವ್ವ ನನ್ನ ಮುಖ ನೋಡಿದಳು.

"ಐತಿ. ಬಿಜಾಪುರದಾಗ. ಇಲ್ಲಿಂದ ನೆಟ್ಟಗ ಬಸ್ ಐತಿ" ಎಂದೆ.

ಅಷ್ಟರಲ್ಲಿ ಆ ಔಷಧದವನ ಹಳ್ಳಿಯ ಬಸ್ಸು ಬಂತು. ನೀಲವ್ವ ತಂಗಿಯ ಕೈ ಹಿಡಿದು ಹತ್ತಿಸಿದಳು.